ಬಂದವರು, ಉಳಿದವರು: ವಿಜಯವಾಡ ಮತ್ತು ವಿಶಾಖಪಟ್ಟಣದ ನೆಲದಲ್ಲಿ ಧಾರ್ಮಿಕ ಸಂಸ್ಥೆಗಳ ಸೇವಾಕಾರ್ಯ

2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆಯು ಕಟ್ಟೆಯೊಡೆದು ವಿಜಯವಾಡ ನಗರದೊಳಗೆ ನುಗ್ಗಿತು. ಸಿಂಗ್ ನಗರ ಮತ್ತು ಅದರ ಸುತ್ತಣ ಬಡಾವಣೆಗಳ ಜನರು ದಿನಗಟ್ಟಲೆ ಮಹಡಿಗಳ ಮೇಲೆ ಕುಳಿತು ಅನ್ನ ನೀರಿಗಾಗಿ ದಾರಿ ನೋಡುವಂತಾಯಿತು. ಅದೇ ಹೊತ್ತಿಗೆ ಕೃಷ್ಣೆಯೂ ತುಂಬಿ ಬಂದು, ಪ್ರಕಾಶಂ ಬ್ಯಾರೇಜಿನಿಂದ 11.43 ಲಕ್ಷ ಕ್ಯೂಸೆಕ್ ನೀರು ಹರಿದು, ಹಿಂದಿನ ದಾಖಲೆಗಳು ಅಳಿಸಿಹೋದವು. ಆ ವಾರ ತೆಲುಗು ನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಪರಸ್ಪರ ಕೇಳಿಕೊಂಡ ಪ್ರಶ್ನೆ ಒಂದೇ ಆಗಿತ್ತು: ಕೊಡುವುದೇನೋ ಸರಿ, ಯಾರ ಕೈಗೆ ಕೊಡುವುದು? ಮಠಕ್ಕೋ, ಮಿಷನ್ನಿಗೋ, ಗುರುದ್ವಾರಕ್ಕೋ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಕೃಷ್ಣಾ ತೀರದಿಂದ ವಿಶಾಖೆಯ ಕಡಲಿನವರೆಗೆ ಕಳೆದ ಒಂದೂವರೆ ಶತಮಾನದಲ್ಲಿ ಬರ, ಬಿರುಗಾಳಿ, ನೆರೆಗಳು ಬಂದಾಗಲೆಲ್ಲ ನಂಬಿಕೆಯ ಹೆಸರಿನಲ್ಲಿ ಸೇವೆಗಿಳಿದವರ ಚರಿತ್ರೆಯೊಂದಿದೆ. ಅದನ್ನು ಬಲ್ಲವರಿಗೆ ದಾನದ ಕೈ ಎತ್ತ ಚಾಚಬೇಕೆಂಬುದು ಸ್ವಲ್ಪ ಸುಲಭವಾದೀತೆಂದು ನಮ್ಮ ಎಣಿಕೆ. ನೆರೆ ಬಂದ ಮೊದಲ ವಾರ ಅನ್ನದ ಪೊಟ್ಟಣ ಹಂಚಲು ಬಹುಮಂದಿ ಬರುತ್ತಾರೆ. ಬರಬೇಕಾದದ್ದೇ. ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ಅಕ್ಷಯ ಪಾತ್ರ ಸಂಸ್ಥೆಯ ಮಂಗಳಗಿರಿ ಅಡುಗೆಮನೆಯು 2024ರಲ್ಲಿ ವಿಜಯವಾಡದ ಸಂತ್ರಸ್ತರಿಗಾಗಿ ಹಗಲಿರುಳು ಒಲೆ ಉರಿಸಿದ್ದು ನಮಗೆ ಹೆಮ್ಮೆಯ ಸಂಗತಿ. ಪ್ರತಿದಿನ ಶಾಲಾಮಕ್ಕಳಿಗೆ ಅಡುಗೆ ಮಾಡುವ ಕೈಗಳಿಗೆ ಒಂದು ವಾರ ಊರಿಗೆಲ್ಲ ಬಡಿಸುವುದು ಕಷ್ಟವಾಗಲಿಲ್ಲ. ಆದರೆ ಸಂಸ್ಥೆಯೊಂದರ ತೂಕವನ್ನು ಅಳೆಯಬೇಕಾದದ್ದು ಆ ವಾರದಲ್ಲಲ್ಲ, ಅದರ ನಂತರದ ಹತ್ತು ವರ್ಷಗಳಲ್ಲಿ ಎಂಬುದು ಈ ಲೇಖನದಲ್ಲಿ ನಾವು ಹೇಳಹೊರಟಿರುವ ವಿಷಯ.

ಬರಗಾಲದ ಕಾಲುವೆ

ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮವು ನಮ್ಮ ನಾಡನ್ನು ಹೇಗೆ ಹಿಂಡಿತೆಂಬುದು ಜನಗಣತಿಯಲ್ಲಿಯೇ ಕಾಣುತ್ತದೆ. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕೆ ಇಳಿದಿತ್ತು. ಅದೇ ಕ್ಷಾಮ ವಿಜಯವಾಡದ ದಕ್ಷಿಣಕ್ಕಿರುವ ಒಂಗೋಲು ಸೀಮೆಯನ್ನೂ ಕಾಡಿತು. ಅಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಎವರೆಟ್ ಕ್ಲೌ 1866ರಿಂದ ನೆಲೆಸಿದ್ದರು. ಕಡಲ ತೀರದುದ್ದಕ್ಕೂ ಸರ್ಕಾರವು ಬಕಿಂಗ್‌ಹ್ಯಾಮ್ ಕಾಲುವೆಯನ್ನು ತೋಡಿಸುತ್ತಿದ್ದ ಕಾಲವದು. ಯೌವನದಲ್ಲಿ ಭೂಮಾಪನದ ತಂಡದಲ್ಲಿ ದುಡಿದ ಅನುಭವವಿದ್ದ ಕ್ಲೌ, ಕಾಲುವೆಯ ಮೂರೂವರೆ ಮೈಲಿಯ ಗುತ್ತಿಗೆಯನ್ನು ತಾವೇ ಹಿಡಿದರು. ಹಸಿದ ಮಾದಿಗರು ಮತ್ತಿತರ ಬಡವರಿಗೆ ಕೂಲಿ ಕೊಟ್ಟು ಕೆಲಸ ಮಾಡಿಸಿದರು. ಸರ್ಕಾರದ ಇತರ ಕಾಮಗಾರಿಗಳಲ್ಲಿ ಮೇಸ್ತ್ರಿಗಳು ಅಸ್ಪೃಶ್ಯರೆಂದು ಹೀಗಳೆದು ಬೈದು ಹೊಡೆಯುತ್ತಿದ್ದರೆ, ಇಲ್ಲಿ ಅದೇ ಜನರ ನಡುವಿನಿಂದ ಬಂದ ಉಪದೇಶಿಗಳು ಮೇಲ್ವಿಚಾರಕರಾಗಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕ್ಷಾಮ ನಡೆದಿರುವ ತನಕ ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನಕ್ಕಾಗಿ ಬಂದವರು ಅನ್ನಕ್ಕಾಗಿಯೇ ಮತವನ್ನೂ ಒಪ್ಪಿಯಾರೆಂಬ ಸಂಕೋಚ ಅವರದು. ಬರ ಇಳಿದ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಅದು ಜಗತ್ತಿನ ಮಿಷನರಿ ಚರಿತ್ರೆಯಲ್ಲಿಯೇ ಹೆಸರಾದ ದಿನ. ಹಾಗಾದರೆ ಆ ಸೇವೆ ನಿಸ್ವಾರ್ಥವೋ, ಅಲ್ಲವೋ? ನಮ್ಮ ಓದುಗರಲ್ಲಿ ಎರಡೂ ಬಗೆಯಾಗಿ ವಾದಿಸುವವರು ಇರಬಹುದು. ಊಟ ಬಡಿಸುವಾಗ ನಂಬಿಕೆಯನ್ನು ಕೇಳದೆ ಇದ್ದುದು ನಮ್ಮ ಮಟ್ಟಿಗೆ ದೊಡ್ಡ ಮಾತು. ಆದರೆ ಹಸಿದವನು ಬಡಿಸಿದ ಕೈಯನ್ನು ಮರೆಯುವುದಿಲ್ಲವಾದ್ದರಿಂದ, ಪ್ರಶ್ನೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಇದು ಕ್ರೈಸ್ತ ಸಂಸ್ಥೆಗಳಿಗೆ ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ. ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತರೆಂದು ಹಿಂದೊಮ್ಮೆ ನಮ್ಮ ದೇವಸ್ಥಾನಗಳೂ ನೋಡುತ್ತಿದ್ದವು.

ದಿವಿಸೀಮೆಯ ಪಾಠ

ಕೃಷ್ಣಾ ನದಿ ಕಡಲು ಸೇರುವಲ್ಲಿ ಅವನಿಗಡ್ಡ, ನಾಗಾಯಲಂಕ, ಕೋಡೂರು ಸೀಮೆಗಳನ್ನೊಳಗೊಂಡ ದ್ವೀಪದಂತಹ ಭೂಭಾಗಕ್ಕೆ ದಿವಿಸೀಮೆ ಎಂದು ಹೆಸರು. 1977ರ ನವೆಂಬರ್ 19ರಂದು ಚಂಡಮಾರುತದೊಡನೆ ಎದ್ದ ಉಬ್ಬರದ ಅಲೆ ಆ ಸೀಮೆಯ ಊರೂರುಗಳನ್ನೇ ಬಳಿದುಕೊಂಡು ಹೋಯಿತು. ಸತ್ತವರ ಸಂಖ್ಯೆ ಅಧಿಕೃತ ಲೆಕ್ಕದಲ್ಲಿಯೇ ಹತ್ತು ಸಾವಿರದ ಸುತ್ತಿನದು. ಅದಕ್ಕಿಂತ ಬಹಳ ಹೆಚ್ಚೆಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ.

ಆಗ ಬಂದವರ ಸಂಖ್ಯೆಯೂ ದೊಡ್ಡದೇ. ರಾಮಕೃಷ್ಣ ಮಿಷನ್ ಪರಿಹಾರ ಹಂಚಿ ಕೈ ತೊಳೆದುಕೊಳ್ಳದೆ ಮನೆಗಳನ್ನು ಕಟ್ಟಿಸಿಕೊಟ್ಟಿತು. ಚರ್ಚುಗಳ ಸೇವಾ ಸಂಸ್ಥೆಗಳು ಪರಿಹಾರದ ನಂತರವೂ ಉಳಿದು ಪುನರ್ವಸತಿಯಲ್ಲಿ ತೊಡಗಿದವು. ಈ ಸಾಲಿನಲ್ಲಿ ವಿಜಯವಾಡದ ನಾಸ್ತಿಕ ಕೇಂದ್ರವೂ ಇತ್ತೆಂಬುದನ್ನು ನೆನಪಿಡಿ. ಅದರ ವಿಚಾರ ಮುಂದೆ ಬರಲಿದೆ. ಸರ್ಕಾರ ಮತ್ತು ಸೇವಾ ಸಂಸ್ಥೆಗಳು ಕೂಡಿ ಕಡಲಂಚಿನ ಹಳ್ಳಿಗಳಲ್ಲಿ ಎತ್ತರದ ಕಾಂಕ್ರೀಟ್ ಚಂಡಮಾರುತ ಆಶ್ರಯಗಳನ್ನು ಕಟ್ಟಿದವು. ಎಷ್ಟೋ ಕಡೆ ಅವೇ ಹಗಲು ಶಾಲೆಗಳಾದವು. 1990ರ ಮೇ 9ರಂದು ಮತ್ತೊಂದು ಭೀಕರ ಚಂಡಮಾರುತ ಬಹುತೇಕ ಅದೇ ಕೃಷ್ಣಾ ಮುಖಜಭೂಮಿಗೆ ಅಪ್ಪಳಿಸಿತು. ಆ ಸಲ ಸತ್ತವರು 967 ಮಂದಿ. ಅದೂ ಸಣ್ಣ ಸಂಖ್ಯೆಯಲ್ಲ. ಆದರೂ ಹತ್ತು ಸಾವಿರವೆಲ್ಲಿ, 967 ಎಲ್ಲಿ! ಮುನ್ಸೂಚನೆ, ಲಕ್ಷಗಟ್ಟಲೆ ಜನರ ಸ್ಥಳಾಂತರ ಮತ್ತು ಓಡಿ ಸೇರಿಕೊಳ್ಳಲು ಒಂದು ಗಟ್ಟಿ ಕಟ್ಟಡ, ಈ ಮೂರರ ಫಲವಿದು. 1977ರ ಡಿಸೆಂಬರಿನಲ್ಲಿ ಹಂಚಿದ ಕಂಬಳಿಗಳು ಎಂದೋ ಹರಿದುಹೋದವು. 1990ರಲ್ಲಿ ಜನರನ್ನು ಉಳಿಸಿದ್ದು ಕಂಬಳಿ ಹಂಚಿಯಾದ ಮೇಲೆ ನಡೆದ ಕೆಲಸ.

ದೇವರಿಲ್ಲದವರ ನೆರೆಮನೆ

ಧಾರ್ಮಿಕ ಸಂಸ್ಥೆಗಳ ಕುರಿತ ಲೇಖನದಲ್ಲಿ ನಾಸ್ತಿಕರೇಕೆ ಬಂದರೆಂದು ಓದುಗರು ಹುಬ್ಬೇರಿಸಬಹುದು. ವಿಜಯವಾಡದ ಸಮುದಾಯ ಸೇವೆಯ ಮಾತು ಅವರನ್ನು ಬಿಟ್ಟರೆ ಪೂರ್ತಿಯಾಗದು. ಗೋರಾ ಎಂದು ಖ್ಯಾತರಾದ ಗೋಪರಾಜು ರಾಮಚಂದ್ರರಾವ್ (1902-1975) ಸಸ್ಯಶಾಸ್ತ್ರದ ಉಪನ್ಯಾಸಕರಾಗಿದ್ದವರು. ದೇವರನ್ನು ಒಪ್ಪದ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ 1947ರಲ್ಲಿ ಅದನ್ನು ವಿಜಯವಾಡದ ಪಟಮಟಕ್ಕೆ ತಂದರು. ಗಾಂಧೀಜಿಯವರೊಡನೆ ಅವರು ನಡೆಸಿದ ಚರ್ಚೆ ಪುಸ್ತಕರೂಪದಲ್ಲಿ ಪ್ರಕಟವಾಗಿದೆ. ಗೋರಾ ತಮ್ಮ ಮಗಳನ್ನು ಹರಿಜನ ಯುವಕನೊಬ್ಬನಿಗೆ ಕೊಟ್ಟು ಸೇವಾಗ್ರಾಮದಲ್ಲಿ ಮದುವೆ ಮಾಡಲು ನಿಶ್ಚಯಿಸಿದಾಗ, ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ಪ್ರಮಾಣ ನಡೆಯಲೆಂದು ಗಾಂಧೀಜಿ ಒಪ್ಪಿದ್ದರು. ಅವರು ಹತರಾದ ಬಳಿಕ, 1948ರಲ್ಲಿ, ಆ ಮದುವೆ ಅಲ್ಲಿಯೇ ನಡೆಯಿತು. ಗೋರಾ ಅವರ ಮಗಳು ಚೆನ್ನುಪಾಟಿ ವಿದ್ಯಾ, ಮುಂದೆ ವಿಜಯವಾಡದಿಂದ ಲೋಕಸಭೆಗೆ ಆಯ್ಕೆಯಾದವರು, 1969ರಲ್ಲಿ ವಾಸವ್ಯ ಮಹಿಳಾ ಮಂಡಳಿಯನ್ನು ಕಟ್ಟಿದರು. ಅದು ಇಂದಿಗೂ ಅದೇ ನಗರದಲ್ಲಿ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುತ್ತಿದೆ. ವಾಸವ್ಯ ಎಂಬುದು ದೇವತೆಯ ಹೆಸರೆಂದು ಭ್ರಮಿಸಬೇಡಿ. ವಾಸ್ತವಿಕತೆ, ಸಂಘದೃಷ್ಟಿ, ವ್ಯಕ್ತಿತ್ವ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರದು.

ನಮ್ಮ ವಿಷಯಕ್ಕೆ ಹತ್ತಿರದ ಕತೆ ಸ್ಟೂವರ್ಟ್‌ಪುರಂ ಗ್ರಾಮದ್ದು. ವಿಜಯವಾಡದಿಂದ ಚೆನ್ನೈಗೆ ಹೋಗುವ ರೈಲುಗಳು ಬಾಪಟ್ಲ ದಾಟಿದ ಮೇಲೆ ಆ ಹೆಸರಿನ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತವೆ. ತೆಲುಗು ಸಿನಿಮಾದವರು ಆ ಊರನ್ನು ಕಳ್ಳರ ಊರೆಂದೇ ಜಗತ್ತಿಗೆ ಪರಿಚಯಿಸಿದ್ದಾರೆ. ಎರುಕಲ ಸಮುದಾಯವನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾನೂನಿನ ಅಡಿಯಲ್ಲಿ, 1910ರ ದಶಕದಲ್ಲಿ, ಆ ಜನರನ್ನು ಕೂಡಿಹಾಕಲು ನಿರ್ಮಿಸಿದ ವಸತಿಯದು. ಮದರಾಸು ಸರ್ಕಾರದ ಹೆರಾಲ್ಡ್ ಸ್ಟೂವರ್ಟ್ ಎಂಬ ಅಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟರು. ಅದರ ಆಡಳಿತವನ್ನು ಸರ್ಕಾರವು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಗೆ ವಹಿಸಿತು. ಸಂಸ್ಥೆಯು ಶಾಲೆ ತೆರೆಯಿತು, ಆಸ್ಪತ್ರೆ ನಡೆಸಿತು, ಉಳುಮೆಗೆ ನೆಲ ಹಂಚಿತು. ಅದೇ ಸಂಸ್ಥೆ ಹಾಜರಿಯನ್ನೂ ಕೂಗಿತು, ಊರು ಬಿಟ್ಟು ಹೋಗಲು ಚೀಟಿಯನ್ನೂ ಕೊಟ್ಟಿತು. ಚೀರಾಲದ ತಂಬಾಕು ಕಾರ್ಖಾನೆಗೆ ಅಲ್ಲಿಂದಲೇ ಆಳುಗಳು ಹೋದರು. ಸೇವೆ ಯಾವುದು, ಕಾವಲು ಯಾವುದು ಎಂದು ಬಿಡಿಸಿ ಹೇಳಲಾಗದ ಸ್ಥಿತಿ. ಹುಬ್ಬಳ್ಳಿಯವರಿಗೆ ಇದು ಹೊಸ ಮಾತಲ್ಲ. ಅಲ್ಲಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಇಂತಹುದೇ ಕಾಲದ್ದು.

1952ರಲ್ಲಿ ಆ ಕಾನೂನು ರದ್ದಾಯಿತು. ಕಾನೂನು ಹೋದರೂ ಕಳಂಕ ಹೋಗಲಿಲ್ಲ. 1970ರ ದಶಕದಲ್ಲಿ ಸ್ಟೂವರ್ಟ್‌ಪುರಕ್ಕೆ ಹೋಗಿ, ಕಳ್ಳತನದ ವೃತ್ತಿಯಿಂದ ಹೊರಬರುವವರಿಗೆ ಆಸರೆಯಾಗಿ, ಅವರ ಪರವಾಗಿ ಪೊಲೀಸರೊಡನೆಯೂ ಸರ್ಕಾರದೊಡನೆಯೂ ಮಾತನಾಡಿದವರು ಗೋರಾ ಅವರ ಮಗ ಲವಣಂ ಮತ್ತು ಸೊಸೆ ಹೇಮಲತಾ. ಲವಣಂ ಹುಟ್ಟಿದ್ದು 1930ರ ಉಪ್ಪಿನ ಸತ್ಯಾಗ್ರಹದ ಕಾಲ, ಆದ್ದರಿಂದ ಆ ಹೆಸರು. ಹೇಮಲತಾ ತೆಲುಗಿನ ಮಹಾಕವಿ ಗುರ್ರಂ ಜಾಷುವಾ ಅವರ ಮಗಳು. ಒಂದೇ ಊರು: ಮೊದಲು ದೇವರ ಹೆಸರಿನಲ್ಲಿ ಬಂದವರು ಸರ್ಕಾರದ ಬೀಗದ ಕೈಯನ್ನು ಹಿಡಿದುಕೊಂಡೇ ಬಂದರು, ಅರ್ಧ ಶತಮಾನದ ನಂತರ ದೇವರಿಲ್ಲವೆನ್ನುವವರು ಬರಿಗೈಯಲ್ಲಿ ಬಂದು ಅಂಗಳದಲ್ಲಿ ಕುಳಿತರು. ಇದನ್ನು ಆಸ್ತಿಕರ ಮೇಲೆ ನಾಸ್ತಿಕರ ಗೆಲುವೆಂದು ನಾವು ಹೇಳುತ್ತಿಲ್ಲ. ಸಾಲ್ವೇಶನ್ ಆರ್ಮಿಯ ಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು ಮೊಮ್ಮಕ್ಕಳು ಇಂದು ಆ ಊರಿನಲ್ಲಿದ್ದಾರೆ, ಅದೂ ಸತ್ಯವೇ. ಸೇವೆ ಮಾಡುವವನು ಆಳುವವನ ಪ್ರತಿನಿಧಿಯಾಗಿ ಬಂದನೋ, ನೆರೆಯವನಾಗಿ ಬಂದನೋ ಎಂಬುದು ನಂಬಿಕೆಗಿಂತ ಮುಖ್ಯವೆಂದಷ್ಟೇ ನಮ್ಮ ಅಭಿಪ್ರಾಯ.

ಸಿಂಹಾಚಲದ ಬೆಟ್ಟ

ಇನ್ನು ಪರಿಸರದ ಮಾತಿಗೆ ಬರೋಣ. ವಿಶಾಖಪಟ್ಟಣದ ಕನ್ನಡಿಗರಿಗೆ ಸಿಂಹಾಚಲದ ವರಾಹ ಲಕ್ಷ್ಮೀನರಸಿಂಹ ಸ್ವಾಮಿಯ ಸನ್ನಿಧಿ ಹೊರಗಿನದೆನಿಸುವುದಿಲ್ಲ. ಕನ್ನಡರಾಜ್ಯ ರಮಾರಮಣನೆನಿಸಿದ ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯ ಕಾಲದಲ್ಲಿ, 1516ರಲ್ಲಿಯೂ 1519ರಲ್ಲಿಯೂ, ಇಲ್ಲಿಗೆ ಬಂದು ಸ್ವಾಮಿಗೆ ಒಡವೆಗಳನ್ನು ಒಪ್ಪಿಸಿದ ಶಾಸನಗಳು ದೇವಾಲಯದಲ್ಲಿಯೇ ಇವೆ. ಬೆಟ್ಟದಲ್ಲಿ ಗಂಗಧಾರೆಯ ಝರಿ, ಕೆಳಗೆ ಹಲಸು ಅನಾನಸಿನ ತೋಟಗಳು, ಬೆಟ್ಟದ ಸಾಲಿನ ಮಡಿಲಲ್ಲಿ ನಗರಕ್ಕೆ ನೀರುಣಿಸಿದ ಹಳೆಯ ಮುಡಸರ್ಲೋವ ಜಲಾಶಯ. ದೇವರ ಬೆಟ್ಟವೆಂಬ ಭಾವನೆ ಇಲ್ಲದಿದ್ದರೆ, ಇಷ್ಟು ವೇಗವಾಗಿ ಬೆಳೆದ ಬಂದರು ನಗರದ ಮಗ್ಗುಲಲ್ಲಿ ಈ ಹಸಿರು ಇಷ್ಟರಮಟ್ಟಿಗೆ ಉಳಿಯುತ್ತಿತ್ತೋ ಇಲ್ಲವೋ.

ಹಾಗೆಂದು ದೇವಸ್ಥಾನವನ್ನೇ ಪರಿಸರ ಸಂರಕ್ಷಕನೆಂದು ಹೊಗಳಿ ಮುಗಿಸುವಂತಿಲ್ಲ. ಆಷಾಢ ಹುಣ್ಣಿಮೆಯ ಮುನ್ನಾದಿನ ಲಕ್ಷಾಂತರ ಭಕ್ತರು ಬೆಟ್ಟವನ್ನು ಸುತ್ತಿ 32 ಕಿಲೋಮೀಟರ್ ಗಿರಿಪ್ರದಕ್ಷಿಣೆ ಮಾಡುತ್ತಾರೆ. ದಾರಿಯುದ್ದಕ್ಕೂ ಪುಣ್ಯಕ್ಕಾಗಿ ನೀರು, ಮಜ್ಜಿಗೆ, ಪ್ರಸಾದ ಹಂಚುವವರ ಸಾಲೇ ಇರುತ್ತದೆ. ಮರುದಿನ ಬೆಳಿಗ್ಗೆ ಆ ರಸ್ತೆಯಲ್ಲಿ ನಡೆದವರಿಗೆ ಲೋಟ, ತಟ್ಟೆ, ಪೊಟ್ಟಣಗಳ ರಾಶಿ ಕಾಣುತ್ತದೆ. ಅವನ್ನು ಗುಡಿಸುವವರು ನಗರಪಾಲಿಕೆಯ ಪೌರಕಾರ್ಮಿಕರು. ವಿಜಯವಾಡದಲ್ಲಿ ಕನಕದುರ್ಗೆಯ ಭವಾನಿ ದೀಕ್ಷೆ ವಿಸರ್ಜಿಸುವವರು ಕೃಷ್ಣೆಯಲ್ಲಿ ಮಿಂದು ಕೆಂಪು ಬಟ್ಟೆಯನ್ನು ಘಟ್ಟದಲ್ಲಿಯೇ ಬಿಡುವ ರೂಢಿಯೂ ಇಂತಹುದೇ. ನಗರದ ಒಳಗೆ ಹರಿಯುವ ಏಲೂರು, ಬಂದರು, ರೈವ್ಸ್ ಕಾಲುವೆಗಳ ಸ್ಥಿತಿಯನ್ನು ವಿಜಯವಾಡದ ಓದುಗರಿಗೆ ನಾವು ವರ್ಣಿಸಬೇಕಾಗಿಲ್ಲ. ಪರಿಸರ ಸೇವೆಗೆ ಹೊರಡುವ ಭಕ್ತವೃಂದವು ಮೊದಲು ತನ್ನ ಉತ್ಸವದ ಮರುದಿನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು, ಅರ್ಧ ಕೆಲಸ ಮುಗಿದಂತೆ.

2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ವಿಶಾಖೆಯ ಹಸಿರನ್ನು ಒಂದೇ ದಿನದಲ್ಲಿ ಬೋಳಿಸಿತು. ಕೈಲಾಸಗಿರಿ, ಕಂಬಾಲಕೊಂಡ, ಸಿಂಹಾಚಲ ಯಾವುದೂ ಉಳಿಯಲಿಲ್ಲ. ಅಲಂಕಾರಕ್ಕೆಂದು ರಸ್ತೆಬದಿಯಲ್ಲಿ ನೆಟ್ಟ ಆಳಬೇರಿಲ್ಲದ ಮರಗಳು ಬಹುವಾಗಿ ಉರುಳಿದವು. ಆಮೇಲೆ ಸಸಿ ನೆಡುವ ಉತ್ಸಾಹ ಎಲ್ಲೆಡೆ ಮೂಡಿತು. ಆಶ್ರಮಗಳು, ಚರ್ಚುಗಳು, ಭಕ್ತ ಮಂಡಳಿಗಳು, ಕಂಪನಿಗಳು ಎಲ್ಲರೂ ಗುಂಡಿ ತೋಡಿದರು. ಸಸಿ ನೆಡುವುದಕ್ಕೆ ಒಂದು ಬೆಳಗು ಸಾಕು, ಬೆಳೆಸುವುದಕ್ಕೆ ಮೂರು ಬೇಸಿಗೆ ಬೇಕು. ಛಾಯಾಚಿತ್ರಕ್ಕೆ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ದೇವಸ್ಥಾನ ಬೇರೆ, ಮಠ ಬೇರೆ

ಒಂದು ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ಹೇಳುವುದು ಉಚಿತ. ಸಿಂಹಾಚಲ, ಕನಕದುರ್ಗೆಯಂತಹ ದೇವಸ್ಥಾನಗಳು 1987ರ ಧರ್ಮಾದಾಯ ಕಾಯ್ದೆಯ ಅಡಿಯಲ್ಲಿವೆ. ಸರ್ಕಾರ ನೇಮಿಸಿದ ಕಾರ್ಯನಿರ್ವಾಹಕ ಅಧಿಕಾರಿ ಅವುಗಳ ಆಡಳಿತ ನಡೆಸುತ್ತಾರೆ. ಸಿಂಹಾಚಲದಲ್ಲಿ ವಿಜಯನಗರಂ ಪೂಸಪಾಟಿ ರಾಜಮನೆತನಕ್ಕೆ ವಂಶಪಾರಂಪರ್ಯ ಧರ್ಮದರ್ಶಿತ್ವವಿದ್ದರೂ ವ್ಯವಸ್ಥೆ ಇಲಾಖೆಯದೇ. ನಮ್ಮ ಮುಜರಾಯಿ ಪದ್ಧತಿಯಂತೆ ಎಂದು ಸ್ಥೂಲವಾಗಿ ತಿಳಿಯಬಹುದು. ಹುಂಡಿಯ ಹಣವನ್ನು ಕೆರೆಗೋ ಶಾಲೆಗೋ ಮನಬಂದಂತೆ ಬಳಸುವ ಸ್ವಾತಂತ್ರ್ಯ ಅಲ್ಲಿ ಯಾರಿಗೂ ಇಲ್ಲ. ಸಿಂಹಾಚಲಕ್ಕೆ ಸೇರಿದ್ದೆನ್ನಲಾದ ಐದು ಗ್ರಾಮಗಳ ಸಾವಿರಾರು ಎಕರೆ ನೆಲದ ವಿವಾದವೇ ದಶಕಗಳಿಂದ ಅಲ್ಲಿಯ ನಿವಾಸಿಗಳನ್ನೂ ದೇವಸ್ಥಾನವನ್ನೂ ಕಟ್ಟಿಹಾಕಿದೆ.

ಮಠದ ರೀತಿ ಬೇರೆ. ದೇವಸ್ಥಾನಕ್ಕೆ ಜನ ಹೋಗುತ್ತಾರೆ. ಮಠ ಜನರಿದ್ದಲ್ಲಿಗೆ ಹೋಗಬಲ್ಲದು, ಮನಸ್ಸು ಮಾಡಿದರೆ ಸರ್ಕಾರಕ್ಕೆ ಎದುರು ನಿಲ್ಲಬಲ್ಲದು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳನ್ನು ನೆನೆಯಿರಿ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ರೈತರ ನೆಲ ಹೋಗುವುದರಲ್ಲಿದ್ದಾಗ ಅವರು ಬೀದಿಗಿಳಿದರು. ಭೂಸ್ವಾಧೀನ ನಿಂತಿತು. ಔಷಧಿ ಸಸ್ಯಗಳ ತವರೆನಿಸಿದ ಕಪ್ಪತಗುಡ್ಡದ ಸಂರಕ್ಷಿತ ಸ್ಥಾನವನ್ನು ಸರ್ಕಾರ ಹಿಂತೆಗೆದುಕೊಂಡಾಗ 2017ರಲ್ಲಿ ಮತ್ತೆ ಸತ್ಯಾಗ್ರಹಕ್ಕೆ ನಿಂತರು. ಆ ವರ್ಷವೇ ಸ್ಥಾನ ಮರಳಿತು, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾಗಿದ್ದರು.

ವಿಶಾಖಪಟ್ಟಣದ ಗಿರಿಜನ ಸೀಮೆಯಲ್ಲಿ ಇಂತಹ ಹೋರಾಟವನ್ನು ನಡೆಸಿದ್ದು ಯಾವ ಮಠವೂ ಅಲ್ಲ, ಸಮತಾ ಎಂಬ ಸ್ವಯಂಸೇವಾ ಸಂಸ್ಥೆ. ಅನಂತಗಿರಿ ಬಳಿಯ ಬೊರ್ರಾ ಸುತ್ತಲಿನ ಗಣಿ ಗುತ್ತಿಗೆಗಳ ವಿರುದ್ಧ ಅದು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರ ಜುಲೈನಲ್ಲಿ, ಅನುಸೂಚಿತ ಪ್ರದೇಶದ ಸರ್ಕಾರಿ ನೆಲವನ್ನೂ ಗಿರಿಜನೇತರ ಖಾಸಗಿಯವರಿಗೆ ಗಣಿಗಾರಿಕೆಗೆ ಕೊಡುವಂತಿಲ್ಲವೆಂದು ತೀರ್ಪಿತ್ತಿತು. ಅರಕು ಕಣಿವೆಗೆ ವಿಹಾರ ಹೋಗಿ ಬೊರ್ರಾ ಗುಹೆಗಳನ್ನು ನೋಡಿ ಬಂದ ನಮ್ಮ ಓದುಗರು ಆ ಬೆಟ್ಟಗಳ ಋಣ ಯಾರಿಗೆ ಸೇರಿದ್ದೆಂದು ಒಮ್ಮೆ ಯೋಚಿಸಬಹುದು.

ನಲ್ಲಿಯ ನೀರು, ಕೆರೆಯ ಹೂಳು

ಆಂಧ್ರದ ನೆಲದಲ್ಲಿ ಧಾರ್ಮಿಕ ಸಂಸ್ಥೆಯೊಂದು ಕೈಗೊಂಡ ಅತಿ ದೊಡ್ಡ ಲೋಕೋಪಕಾರ ಯಾವುದೆಂದರೆ ಬಹುಮಂದಿ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟಿನ ಕುಡಿಯುವ ನೀರಿನ ಯೋಜನೆಯನ್ನು ಹೆಸರಿಸುತ್ತಾರೆ. ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡಿದ್ದ ಅಂದಿನ ಅನಂತಪುರ ಜಿಲ್ಲೆಯ 731 ಹಳ್ಳಿಗಳಿಗೆ 1995ರಿಂದಾಚೆ, ಎರಡು ವರ್ಷವೂ ಹಿಡಿಯದೆ, ನೀರು ಹರಿದು ಬಂತು. ಮಡಕಶಿರಾ, ರಾಯದುರ್ಗದ ಕಡೆಯ ಕನ್ನಡ ಮನೆಗಳಿಗೆ ಆ ಯೋಜನೆಯ ಬೆಲೆ ಗೊತ್ತು. 1999ರಲ್ಲಿ ಅಂಚೆ ಇಲಾಖೆ ಅದರ ನೆನಪಿಗೆ ಚೀಟಿಯನ್ನೂ ಹೊರತಂದಿತು. ಮುಂದಿನ ದಶಕದಲ್ಲಿ ಇದೇ ಟ್ರಸ್ಟು ಪೂರ್ವ ಮತ್ತು ಪಶ್ಚಿಮ ಗೋದಾವರಿ ಜಿಲ್ಲೆಗಳ ಮೆಟ್ಟಿನ ಊರುಗಳಿಗೂ ಗಿರಿಜನರ ಹಾಡಿಗಳಿಗೂ ಗೋದಾವರಿಯ ನೀರನ್ನು ಮುಟ್ಟಿಸಿತು.

ಕಟ್ಟಿದ ಮೇಲೆ ಅನಂತಪುರದ ಯೋಜನೆ ಸರ್ಕಾರದ ಕೈಗೆ ಹೋಯಿತು. ಅಲ್ಲಿಂದ ಮುಂದೆ ಪೈಪು ಒಡೆದರೆ, ಪಂಪು ಕೆಟ್ಟರೆ ನೋಡಬೇಕಾದವರು ಗುತ್ತಿಗೆಯ ಕೆಲಸಗಾರರು. ಅವರ ಸಂಬಳ ಬಾಕಿ ನಿಂತು, ಅವರು ಮುಷ್ಕರ ಹೂಡಿ, ಊರುಗಳಿಗೆ ನೀರು ನಿಂತ ಸುದ್ದಿಗಳು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಭಕ್ತರ ಕಾಣಿಕೆಯಿಂದ ಕಟ್ಟಿದ್ದನ್ನು ಖಜಾನೆಯ ಬಿಲ್ಲಿನಿಂದ ನಡೆಸುವುದು ಸುಲಭವಲ್ಲ. ಅದೇ ಜಿಲ್ಲೆಯಲ್ಲಿ ಇನ್ನೊಂದು ದಾರಿ ಹಿಡಿದವರು ಸ್ಪೇನಿನ ವಿನ್ಸೆಂಟ್ ಫೆರರ್. ಜೆಸ್ಯೂಟ್ ಪಾದ್ರಿಯಾಗಿ ಭಾರತಕ್ಕೆ ಬಂದು, 1969ರಲ್ಲಿ ಅನಂತಪುರಕ್ಕೆ ಕಾಲಿಟ್ಟು, ಬಳಿಕ ಪಾದ್ರಿತನವನ್ನೂ ತೊರೆದು, ಗ್ರಾಮೀಣ ಅಭಿವೃದ್ಧಿ ಟ್ರಸ್ಟನ್ನು ಕಟ್ಟಿ, 2009ರಲ್ಲಿ ಅಲ್ಲಿಯೇ ತೀರಿಕೊಂಡರು. ನಾಲ್ಕು ದಶಕ ಒಂದೇ ಜಿಲ್ಲೆ!

ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು (1982) 'ನಮ್ಮೂರು ನಮ್ಮ ಕೆರೆ' ಎಂಬ ಹೆಸರಿನಲ್ಲಿ ನೂರಾರು ಕೆರೆಗಳ ಹೂಳೆತ್ತಿಸಿದ ಕ್ರಮವನ್ನು ಈ ಸಂದರ್ಭದಲ್ಲಿ ಹೋಲಿಸಿ ನೋಡಬೇಕು. ಅಲ್ಲಿ ಊರಿನದೇ ಕೆರೆ ಸಮಿತಿ. ಎತ್ತಿದ ಹೂಳನ್ನು ರೈತರು ತಮ್ಮದೇ ಖರ್ಚಿನಲ್ಲಿ ಹೊಲಗಳಿಗೆ ಸಾಗಿಸುತ್ತಾರೆ. ಹೂಳು ಹೊತ್ತವನಿಗೆ ಕೆರೆ ತನ್ನದೆನಿಸುತ್ತದೆ. ಅದೇ ಯೋಜನೆಯ ಸಾಲ ವ್ಯವಹಾರದ ಕುರಿತು ಟೀಕೆಗಳೂ ಇವೆ. ಅದು ಬೇರೊಂದು ಲೇಖನದ ವಿಷಯ.

ಕೊಡುವವರಿಗೆ

ಮತ್ತೆ ಮೊದಲಿನ ಪ್ರಶ್ನೆ. ನೆರೆಯ ವಾರದಲ್ಲಿ ಅಡುಗೆಮನೆ ಇರುವವರಿಗೆ ಕೊಡಿ, ಅದಕ್ಕೆ ಹೆಚ್ಚು ಯೋಚನೆ ಬೇಡ. ದೊಡ್ಡ ಮೊತ್ತ ಕೊಡುವುದಾದರೆ ಒಂದೆರಡು ತಿಂಗಳು ತಡೆದು ಕೊಡುವುದು ಲೇಸೆಂದು ನಮ್ಮ ಸಲಹೆ. ಆ ವೇಳೆಗೆ ಬಂದವರು ಹೋಗಿ ಉಳಿದವರು ಯಾರೆಂದು ತಿಳಿದಿರುತ್ತದೆ. ಸಂಸ್ಥೆಯ ಕಚೇರಿ ಆ ಊರಿನಲ್ಲಿ ನೆರೆಗೆ ಮುಂಚೆಯೂ ಇತ್ತೇ, ಲೆಕ್ಕಪತ್ರ ಕೇಳಿದರೆ ತೋರಿಸುತ್ತಾರೆಯೇ, ಸಹಾಯ ಪಡೆದವರಿಂದ ಪ್ರಾರ್ಥನೆಯನ್ನೋ ಭಜನೆಯನ್ನೋ ಜಾತಿಯ ಗುರುತನ್ನೋ ಬಯಸುತ್ತಾರೆಯೇ, ಕಟ್ಟಿದ ಕೊಳವೆಬಾವಿಯ ಬೀಗದ ಕೈ ಕೊನೆಗೆ ಯಾರ ಬಳಿ ಇರುತ್ತದೆ ಎಂದು ವಿಚಾರಿಸುವುದರಲ್ಲಿ ಸಂಕೋಚವೇನೂ ಇಲ್ಲ. ಒಳ್ಳೆಯ ಸಂಸ್ಥೆಗಳು ಇಂತಹ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ.

ಮಕ್ಕಳು ವಿದೇಶದಲ್ಲಿರುವ ಮನೆಗಳಿಗೆ ಒಂದು ಸೂಚನೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣವಾದರೋ ವಿದೇಶಿ ದೇಣಿಗೆಯೇ. 2020ರ ತಿದ್ದುಪಡಿಯ ನಂತರ ಅದನ್ನು, ಅನುಮತಿಯುಳ್ಳ ಸಂಸ್ಥೆಯು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಕಳುಹಿಸಬೇಕು. ಆದಾಯ ತೆರಿಗೆಯ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ದಾನದ ವಿನಾಯಿತಿ ದೊರೆಯದೆಂಬುದೂ ನೆನಪಿರಲಿ.

ಕ್ಲೌ ಪಾದ್ರಿಯ ಕೂಲಿಗಳು ತೋಡಿದ ಕಾಲುವೆ ಏನಾಯಿತೆಂದು ಕೇಳುವವರಿಗೆ: ಪೆದಗಂಜಾಮಿನಲ್ಲಿ ಅದು ಕೃಷ್ಣಾ ಮುಖಜಭೂಮಿಯ ಕಾಲುವೆಗಳಿಗೆ ಕೂಡಿಕೊಂಡು, ಒಂದು ಕಾಲದಲ್ಲಿ ವಿಜಯವಾಡದಿಂದ ಚೆನ್ನೈವರೆಗೆ ದೋಣಿಗಳನ್ನು ಸಾಗಿಸಿತು. 2004ರ ಸುನಾಮಿಯಲ್ಲಿ ಕಡಲಿನಿಂದ ನುಗ್ಗಿದ ನೀರಿನ ರಭಸವನ್ನು ಅದು ಹಲವೆಡೆ ತಡೆದುಕೊಂಡಿತೆಂದು ಭೂವಿಜ್ಞಾನಿಗಳು ಬರೆದಿದ್ದಾರೆ. 2008ರಲ್ಲಿ ಸರ್ಕಾರ ಅದನ್ನು ನಾಲ್ಕನೆಯ ರಾಷ್ಟ್ರೀಯ ಜಲಮಾರ್ಗದ ಭಾಗವೆಂದು ಘೋಷಿಸಿತು. ಬಹುಭಾಗದಲ್ಲಿ ಈಗ ಹೂಳು ತುಂಬಿದೆ.